ಹಲಸಿನ ಹಲಗೆಯಲ್ಲಿ ಅಯಸ್ಕಾಂತದ ಪಾಠ

ನಮ್ಮ ಅಡುಗೆಮನೆಯ ಗೋಡೆಯ ಮೇಲೆ ಈಗ ಒಂದು ಹಲಸಿನ ಹಲಗೆಯಿದೆ. ಒಂದೂವರೆ ಅಡಿ ಉದ್ದ, ಮೂರು ಇಂಚು ಅಗಲ. ಕೊಕ್ಕೆಯಾಗಲಿ ಸೀಳಾಗಲಿ ಇಲ್ಲದ ಆ ಹಲಗೆಗೆ ನಾಲ್ಕು ಚೂರಿಗಳು ಅಂಟಿಕೊಂಡು ನಿಂತಿರುತ್ತವೆ. ಬಂದವರು 'ಎಲ್ಲಿಂದ ತಂದದ್ದು?' ಎಂದು ಕೇಳುತ್ತಾರೆ. ನಾನೇ ಮಾಡಿದ್ದೆಂದರೆ ನಗುತ್ತಾರೆ. ಮೂವತ್ತನಾಲ್ಕು ವರ್ಷ ಸೀಮೆಸುಣ್ಣ ಹಿಡಿದ ಕೈಯಿಂದ ಉಳಿ ಹಿಡಿಯುವುದಾದೀತೆಂದು ನಾನೂ ನಂಬಿರಲಿಲ್ಲ.

ಕಾರಣವಾದದ್ದು ಮನೆಯಾಕೆಯ ಗಾಯ. ಆಕೆಯ ದೃಷ್ಟಿ ಈಚಿನ ವರ್ಷಗಳಲ್ಲಿ ಮಂದವಾಗಿದೆ. ಕಳೆದ ಮಳೆಗಾಲದ ಒಂದು ಸಂಜೆ, ಕರೆಂಟು ಹೋಗಿದ್ದಾಗ, ಸೌಟು ಹುಡುಕಲು ಡ್ರಾವರಿಗೆ ಕೈ ಹಾಕಿದಳು. ಚೂರಿಯ ಅಲಗು ಬೆರಳನ್ನು ಸೀಳಿತು, ನಾಲ್ಕು ಹೊಲಿಗೆ. ಡ್ರಾವರ್ ಬೇಕೆಂದು ಹಟ ಹಿಡಿದು ಮಾಡಿಸಿದವನು ನಾನೇ. ವಿಟ್ಲದ ದಾರಿಯಲ್ಲಿದ್ದ ನಮ್ಮ ಹಳೆಯ ಮನೆಯಲ್ಲಿ ಅಲಗನ್ನು ಕಣ್ಣಿಗೆ ಕಾಣದಂತೆ ಇಡುವ ಪದ್ಧತಿಯೇ ಇರಲಿಲ್ಲ. ತಾಯಿ ಮೆಟ್ಟುಕತ್ತಿಯನ್ನು ಕೆಲಸ ಮುಗಿದೊಡನೆ ಅಲಗು ಗೋಡೆಯ ಕಡೆಗಾಗುವಂತೆ ತಿರುಗಿಸಿ ಮೂಲೆಗೆ ಒರಗಿಸುತ್ತಿದ್ದರು. ತೋಟದ ಕತ್ತಿಗಳು ಮಾಡಿನ ಪಕಾಸಿನ ಸಂದಿಯಲ್ಲಿ, ಅಡಿಕೆ ಮರ ಹತ್ತುವವನ ಕತ್ತಿ ಅವನ ಸೊಂಟದ ಕೊಕ್ಕೆಯಲ್ಲಿ. ಎಲ್ಲವೂ ಕಣ್ಣೆದುರಿಗೆ.

ಬೆಂಗಳೂರಿನಲ್ಲಿ ಮಗನ ಮನೆಯಲ್ಲಿ ಉಕ್ಕಿನ ಅಯಸ್ಕಾಂತ ಪಟ್ಟಿಯನ್ನು ನೋಡಿದ್ದೆ. ಚೂರಿ ಅದಕ್ಕೆ ಠಣ್ಣೆಂದು ಬಡಿಯುತ್ತದೆ. ಅಲಗಿನ ಬಾಯಿ ಕೆಡುತ್ತದೆ. ಮರವಾದರೆ ಮೆತ್ತಗೆ ಹಿಡಿದೀತೆಂದು ಹಳೆಯ ಮನೆಯ ಮುರಿದ ಬಾಗಿಲಿನಿಂದ ಒಂದು ತುಂಡನ್ನು ಕೊಯ್ಸಿದೆ. ಹೊಸದರಲ್ಲಿ ಅರಸಿನ ಬಣ್ಣದಲ್ಲಿರುವ ಹಲಸು ಅಷ್ಟು ವರ್ಷಗಳಲ್ಲಿ ಕಂದಾಗಿತ್ತು. ಕೀಸಿದೊಡನೆ ಒಳಗಿನ ಹಳದಿ ಮತ್ತೆ ಕಾಣಿಸಿತು.

ಹಿಂಬದಿಯಿಂದ ಗುಂಡಿ ಕೊರೆದು ಅಯಸ್ಕಾಂತದ ಬಿಲ್ಲೆಗಳನ್ನು ಕೂರಿಸುವುದು ಉಪಾಯ. ಹಲಗೆ ಸೀಳೀತೆಂಬ ಭಯದಿಂದ ಮುಂಬದಿಯಲ್ಲಿ 8 ಮಿಲಿಮೀಟರು ಮರ ಉಳಿಸಿದೆ. ಚೂರಿ ಇಟ್ಟೊಡನೆ ಜಾರಿ ಬಿತ್ತು. ಬಿಲ್ಲೆಗಳೇನೂ ದುರ್ಬಲವಲ್ಲ, 1980ರ ದಶಕದ ಮೊದಲ ವರ್ಷಗಳಲ್ಲಿ ಜಪಾನಿನ ಮಸಾಟೊ ಸಗಾವಾ ಮತ್ತು ಅಮೆರಿಕದ ಜಾನ್ ಕ್ರೋಟ್ ಬೇರೆಬೇರೆಯಾಗಿ ಕಂಡುಹಿಡಿದ ನಿಯೋಡಿಮಿಯಂ, ಕಬ್ಬಿಣ, ಬೋರಾನುಗಳ ಅಯಸ್ಕಾಂತಗಳು. ಆದರೆ ದೂರ ಹೆಚ್ಚಿದಂತೆ ಸೆಳೆತ ಎಷ್ಟು ಬೇಗ ಕುಸಿಯುತ್ತದೆಂಬುದು ನನ್ನ ಕೈಗೆ ತಿಳಿದಿರಲಿಲ್ಲ. 'ದೂರ ಹೆಚ್ಚಿದಂತೆ ಆಕರ್ಷಣೆ ಕಡಿಮೆಯಾಗುತ್ತದೆ' ಎಂದು ಬರೆಸಿದ್ದು ಎಷ್ಟು ತರಗತಿಗಳಿಗೋ! ಎರಡನೆಯ ಹಲಗೆಗೆ ನೆರೆಯ ಆಚಾರಿಯವರ ಸಹಾಯ ಕೇಳಿದೆ. ಸಪಾಟು ತಳದ ಗುಂಡಿ ಕೊರೆದು ಎರಡೂವರೆ ಮಿಲಿಮೀಟರು ಮಾತ್ರ ಉಳಿಸಿದರು. ಅಂಟು ಹಸಿಯಿದ್ದಾಗ ಒಂದು ಬಿಲ್ಲೆ ನೆಗೆದು ಪಕ್ಕದ್ದಕ್ಕೆ ಬಡಿದು ಚೂರಾಯಿತು. 'ಮಾಷ್ಟ್ರೇ, ಇದು ಗಾಜಿನ ಜಾತಿ' ಎಂದರು ಆಚಾರಿಯವರು. ಒಂದರ ಉತ್ತರ ಧ್ರುವ ಮುಂದಕ್ಕೆ, ಮಗ್ಗುಲಿನದರ ದಕ್ಷಿಣ ಧ್ರುವ ಮುಂದಕ್ಕೆ ಬರುವಂತೆ ಇಟ್ಟಾಗ ಚೂರಿ ಭದ್ರವಾಗಿ ನಿಂತಿತು.

ಅಂದು ರಾತ್ರಿ ಒಬ್ಬ ಹುಡುಗನ ನೆನಪಾಯಿತು. ಕಮ್ಮಾರರ ಮಗ. ಅಯಸ್ಕಾಂತದ ಪಾಠದ ದಿನ ಎದ್ದು ನಿಂತು, 'ಸರ್, ಲಾರಿ ಪ್ಲೇಟಿನ ಕತ್ತಿಗೆ ಅಂಟುತ್ತದೆ, ಊಟದ ಸ್ಟೀಲ್ ಬಟ್ಟಲಿಗೆ ಯಾಕೆ ಅಂಟುವುದಿಲ್ಲ?' ಎಂದು ಕೇಳಿದ್ದ. ನನಗೆ ಗೊತ್ತಿರಲಿಲ್ಲ. ಗೊತ್ತಿಲ್ಲವೆನ್ನಲು ನಾಲಿಗೆ ಬರಲಿಲ್ಲ. 'ಅದು ಪರೀಕ್ಷೆಗೆ ಬರುವುದಿಲ್ಲ, ಕುಳಿತುಕೋ' ಎಂದೆ. ಅವನು ಕುಳಿತ. ಮತ್ತೆ ಪ್ರಶ್ನೆ ಕೇಳಿದ್ದು ನೆನಪಿಲ್ಲ. ಉತ್ತರ ಸ್ವಾರಸ್ಯದ್ದು: ಊಟದ ಪಾತ್ರೆಯ ಉಕ್ಕಿನಲ್ಲಿ ಸಾಮಾನ್ಯವಾಗಿ ನೂರಕ್ಕೆ 18 ಪಾಲು ಕ್ರೋಮಿಯಂ, 8 ಪಾಲು ನಿಕಲ್ ಇರುತ್ತದೆ. ಅಯಸ್ಕಾಂತಕ್ಕೆ ತಾನೇ ಅಂಟುವ ನಿಕಲ್, ಕಬ್ಬಿಣದೊಡನೆ ಸೇರಿದಾಗ ಅದರ ಪರಮಾಣುಗಳ ಜೋಡಣೆಯನ್ನೇ ಬದಲಿಸಿ ಸೆಳೆತವನ್ನು ಇಲ್ಲವಾಗಿಸುತ್ತದೆ. ಅಲಗಿಗೆ ಬಳಸುವ ಗಟ್ಟಿ ಉಕ್ಕಿನ ಜೋಡಣೆ ಬೇರೆ. ಇಡೀ ಪಾಠಕ್ಕಿಂತ ದೊಡ್ಡ ಪಾಠ ಆ ಪ್ರಶ್ನೆಯಲ್ಲಿತ್ತು, ನಾನು ಅದನ್ನು ಕೂರಿಸಿಬಿಟ್ಟೆ.

ಆದ್ದರಿಂದ ಹೇಳುತ್ತೇನೆ: ನಮ್ಮ ಶಾಲೆಗಳಿಗೆ ಕೈಕೆಲಸದ ತರಗತಿ ಮರಳಿ ಬರಬೇಕು; ಕಾಗದದ ಹೂ ಮಾಡುವ ಬಿಡುವಿನ ಅವಧಿಯಾಗಿ ಅಲ್ಲ, ವಿಜ್ಞಾನದ ಪಾಠವಾಗಿಯೇ. 1937ರ ವಾರ್ಧಾ ಸಮ್ಮೇಳನದಲ್ಲಿ ಗಾಂಧೀಜಿಯವರು ಕಸುಬಿನ ಮೂಲಕ ಶಿಕ್ಷಣವೆಂದಾಗ, ಪಾಠದ ಪಕ್ಕದಲ್ಲಿ ಕಸುಬು ಎಂದಿರಲಿಲ್ಲ. ನಮ್ಮದೇ ಪುತ್ತೂರಿನ ಬಾಲವನದಲ್ಲಿ ಶಿವರಾಮ ಕಾರಂತರು ಮಕ್ಕಳ ಶಿಕ್ಷಣದ ಪ್ರಯೋಗಕ್ಕೆ ಕೈಹಾಕಿದ್ದರು. ಅಲ್ಲಿಗೆ ಮಕ್ಕಳನ್ನು ಪ್ರವಾಸ ಕರೆದೊಯ್ದು, ಕೈಕಟ್ಟಿ ಸಾಲಿನಲ್ಲಿ ನಿಲ್ಲಿಸಿ ಹಿಂದೆ ತಂದವರಲ್ಲಿ ನಾನೂ ಒಬ್ಬ.

'ಉಳಿ ತಾಗಿ ಗಾಯವಾದರೆ ಹೊಣೆ ಯಾರು?' ಎಂಬ ಆಕ್ಷೇಪ ಬರುತ್ತದೆ. ಸುಳ್ಳಲ್ಲ, ಮುಖ್ಯೋಪಾಧ್ಯಾಯರ ನಿದ್ದೆಗೆಡಿಸುವ ಮಾತೇ. ಆದರೆ ಈ ಸೀಮೆಯ ಮಕ್ಕಳು ರಜೆಯಲ್ಲಿ ಮೆಟ್ಟುಕತ್ತಿಯ ಮುಂದೆ ಕುಳಿತು ಅಡಿಕೆ ಸುಲಿದವರು. ಶಾಲೆಯ ಗೇಟು ದಾಟಿದೊಡನೆ ಅವರ ಕೈಗಳಿಗೆ ಏನೂ ಬಾರದೆಂದು ನಾವು ಭಾವಿಸುತ್ತೇವೆ. ಗುಂಡಿ ಕೊರೆಯುವ ಕೆಲಸ ದೊಡ್ಡವರು ಮಾಡಲಿ. ಎಷ್ಟು ಮರ ಉಳಿಸಬೇಕು, ಯಾವ ಧ್ರುವ ಎತ್ತ ಎಂಬುದನ್ನು ಮಕ್ಕಳು ಇಟ್ಟು, ಬೀಳಿಸಿ, ಅಳೆದು ತಿಳಿಯಲಿ. ವರ್ಷಕ್ಕೆ ಒಂದು ಹಲಗೆ ಸಾಕು.

ಮನೆಯಲ್ಲಿ ಮಾಡಹೊರಟವರಿಗೆ ಒಂದೆರಡು ಎಚ್ಚರಿಕೆಗಳು. ಬಿಡಿ ಬಿಲ್ಲೆಗಳನ್ನು ಚಿಕ್ಕ ಮಕ್ಕಳ ಕೈಗೆ ಕೊಡಬೇಡಿ. ಎರಡು ನುಂಗಿದರೆ ಕರುಳಿನ ಪದರಗಳ ನಡುವೆ ಒಂದನ್ನೊಂದು ಸೆಳೆದು ಪ್ರಾಣಾಪಾಯ ತರುತ್ತವೆ. ಹೃದಯಕ್ಕೆ ಪೇಸ್‌ಮೇಕರ್ ಹಾಕಿಸಿಕೊಂಡವರು ಅವುಗಳನ್ನು ಎದೆಯ ಹತ್ತಿರ ಹಿಡಿಯಬಾರದು. ಹಲಗೆ ಒಲೆಯಿಂದ ದೂರವಿರಲಿ, ಕಾದರೆ ಬಿಲ್ಲೆಯ ಶಕ್ತಿ ಕುಂದುತ್ತದೆ. ಚೂರಿ ತೆಗೆಯುವಾಗ ಎಳೆಯದೆ ಬೆನ್ನಿನ ಕಡೆಗೆ ಹೊರಳಿಸಿ. ಬಾಳೆದಿಂಡು ಕೊಯ್ದ ಕತ್ತಿಯನ್ನು ತೊಳೆದು ಒರಸಿಯೇ ಇಡಿ. ನಮ್ಮ ಮಳೆಗಾಲಕ್ಕೆ ಕಮ್ಮಾರನ ಕತ್ತಿಗೆ ತುಸು ತೆಂಗಿನೆಣ್ಣೆಯೂ ಬೇಕು.

ಮನೆಯಾಕೆಗೆ ಹಲಗೆ ಒಪ್ಪಿಗೆಯಾಗಿದೆ. ಕಪ್ಪು ಹಿಡಿಯ ಚೂರಿಗಳು ಹಳದಿ ಮರದ ಮೇಲೆ ಅವಳ ಕಣ್ಣಿಗೆ ಚೆನ್ನಾಗಿ ಕಾಣುತ್ತವೆ. ಆದರೆ ತರಕಾರಿ ಹೆಚ್ಚುವುದು ಈಗಲೂ ಮೆಟ್ಟುಕತ್ತಿಯಲ್ಲಿಯೇ. ಅದು ಹಲಗೆಗೆ ಏರುವ ತೂಕದ್ದಲ್ಲ. ಮೂಲೆಯಲ್ಲಿ, ಗೋಡೆಯ ಕಡೆಗೆ ಅಲಗು ತಿರುಗಿಸಿಕೊಂಡು ಒರಗಿದೆ.