ಲೆಕ್ಕ ಕೊಡುವವನೇ ಮುಂದಾಳು



ಜಹೀರಾಬಾದಿನ ಕಬ್ಬಿನ ಗದ್ದೆಯಲ್ಲಾಗಲಿ, ನಾರಾಯಣಖೇಡದ ಹೊಲಗಳಲ್ಲಾಗಲಿ, ತಾಂಡೂರಿನ ಕಲ್ಲುಗಣಿಯಲ್ಲಾಗಲಿ, ನಮ್ಮವರಲ್ಲಿ ಅನೇಕರ ಕೂಲಿ ಮೇಸ್ತ್ರಿಯ ಕೈ ದಾಟಿಯೇ ಮನೆಗೆ ಬರುತ್ತದೆ. ಮುಂಗಡ ಬರೆಯುವವನು ಅವನೇ, ಹಾಜರಿ ಹಾಕುವವನು ಅವನೇ, ಬಟವಾಡೆಯ ದಿನ ಹಿಡಿದುಕೊಳ್ಳುವವನೂ ಅವನೇ. ಅವನು ಪರಕೀಯನಲ್ಲ, ನಮ್ಮ ಕೇರಿಯವನೇ. ಆದರೆ ಅವನ ಪುಸ್ತಕದಲ್ಲಿ ಏನಿದೆ ಎಂದು ನಾವು ಕೇಳುವುದಿಲ್ಲ, ಅವನೂ ಹೇಳುವುದಿಲ್ಲ.

ಇತರರಿಗೆ ಬುದ್ಧಿ ಹೇಳುವ ಮೊದಲು ನಮ್ಮ ತಪ್ಪನ್ನು ಒಪ್ಪಿಕೊಳ್ಳುತ್ತೇವೆ. ಹೋದ ವರ್ಷ ನಮ್ಮ ಕೂಟದ ಕಷ್ಟನಿಧಿಯ ಲೆಕ್ಕವನ್ನು ಮೂರು ತಿಂಗಳು ಓದದೆ ಬಿಟ್ಟೆವು. ಆರಾಧನೆ ಮುಗಿದ ಮೇಲೆ ಕಲ್ಲು ಹೊರುವ ಒಬ್ಬ ಅವ್ವ ಎದ್ದು ನಿಂತು, ಲೆಕ್ಕ ಎಲ್ಲಿ ಎಂದು ಕೇಳಿದರು. ನಮಗೆ ಸಿಟ್ಟು ಬಂತು. ರಾತ್ರಿ ಪುಸ್ತಕ ಕೂಡಿಸಿ ನೋಡಿದರೆ, ಎರಡು ಮನೆಗಳಿಗೆ ಸಲ್ಲಬೇಕಾದ ಹಣ ಪೆಟ್ಟಿಗೆಯಲ್ಲೇ ಬಿದ್ದಿತ್ತು. ನಾವು ಕದ್ದಿರಲಿಲ್ಲ, ನಿಜ. ಆದರೆ ಒಲೆ ಉರಿಯದ ಮನೆಗೆ ಕಳವಾದರೇನು, ಮರೆವಾದರೇನು? ಮುಂದಿನ ಭಾನುವಾರ ಸಭೆಯ ಮುಂದೆ ಕ್ಷಮೆ ಕೇಳಿದೆವು. ಈಗ ಪೆಟ್ಟಿಗೆಯ ಕೀಲಿ ಆ ಅವ್ವನ ಕೈಯಲ್ಲಿದೆ. ಅವರಿಗೆ ಅಕ್ಷರ ಬಾರದು. ಆದರೆ ಯಾರ ಮನೆಯಲ್ಲಿ ಏನು ಕೊರತೆ ಎಂಬುದು ಅವರಿಗೆ ಬಾಯಿಪಾಠ.

ಸಮುವೇಲನು ಮುದುಕನಾದಾಗ, ತಾನು ಯಾರ ಎತ್ತನ್ನಾದರೂ ಕಸಿದುಕೊಂಡಿದ್ದರೆ ಹೇಳಿರೆಂದು ತಾನೇ ಜನರ ಮುಂದೆ ನಿಂತನು. ಯೆರೂಸಲೇಮಿನಲ್ಲಿ ವಿಧವೆಯರಿಗೆ ದಿನದ ಊಟ ತಪ್ಪುತ್ತಿದೆಯೆಂಬ ಗೊಣಗಾಟ ಎದ್ದಾಗ, ಅಪೊಸ್ತಲರು ಯಾರ ಬಾಯನ್ನೂ ಮುಚ್ಚಿಸಲಿಲ್ಲ. ಏಳು ಮಂದಿಯನ್ನು ಜನರೇ ಆರಿಸಲಿ ಎಂದರು.

ನಮ್ಮ ನೆರೆಯಲ್ಲೇ ನೋಡಿರಿ. 1983ರಲ್ಲಿ ಹುಟ್ಟಿದ, ಪಸ್ತಾಪುರದ ಡೆಕ್ಕನ್ ಡೆವಲಪ್‌ಮೆಂಟ್ ಸೊಸೈಟಿಯ ಸಂಘಗಳಲ್ಲಿ ಬಡ ದಲಿತ ಹೆಣ್ಣುಮಕ್ಕಳೇ ಹೆಚ್ಚು. 1990ರ ದಶಕದಲ್ಲಿ ಅವರು ಜೋಳದ ಕಣಜ ಕಟ್ಟಿದಾಗ, ಯಾರು ಹೆಚ್ಚು ಬಡವರು ಎಂಬುದನ್ನು ಊರವರು ಬಯಲಲ್ಲಿ, ಎಲ್ಲರೆದುರು ಕುಳಿತು ಗೊತ್ತುಮಾಡಿದರು. ಬೀಜ ಕಾಯುವ ಅವರ ಅರಿವೇ ಅವರ ಬಂಡವಾಳ. 2008ರಲ್ಲಿ ಮಾಚನೂರಿನಲ್ಲಿ ಆರಂಭವಾದ ಸಂಗಂ ರೇಡಿಯೊವನ್ನು ನಡೆಸಿದವರೂ ಇಂಥ ಹೆಣ್ಣುಮಕ್ಕಳೇ. 2019ರಲ್ಲಿ ಅವರ ಸಂಘಗಳಿಗೆ ವಿಶ್ವಸಂಸ್ಥೆಯ ಈಕ್ವೇಟರ್ ಪ್ರಶಸ್ತಿ ಬಂತು. ಕೂಲಿಯವರೆಂದು ಕಡೆಗಣಿಸಿದವರಲ್ಲೇ ಶಕ್ತಿ ಇತ್ತು.

ಉದ್ಯೋಗ ಖಾತ್ರಿ ಕೆಲಸದ ಹಾಜರಿ ಪಟ್ಟಿಯನ್ನು ಕೂಲಿಗಾರರ ಎದುರೇ ಓದುವ ಸಾಮಾಜಿಕ ತಪಾಸಣೆ ಅಂದಿನ ಆಂಧ್ರಪ್ರದೇಶದಲ್ಲಿ 2006ರಲ್ಲೇ ಶುರುವಾಯಿತು. ಸರ್ಕಾರದ ಕೆಲಸದಲ್ಲಿ ಆದದ್ದು ನಮ್ಮ ಗುಂಪಿನಲ್ಲಿ ಏಕಾಗಬಾರದು?

ಆದ್ದರಿಂದ ಮೂರು ಮಾತು ಕೇಳಿಕೊಳ್ಳುತ್ತೇವೆ. ಬಟವಾಡೆಯ ದಿನ ಹಾಜರಿಯನ್ನು ಗಟ್ಟಿಯಾಗಿ ಓದಿಸಿರಿ. ಮುಂಗಡವನ್ನು ಎರಡು ಪುಸ್ತಕದಲ್ಲಿ ಬರೆಸಿ, ಒಂದನ್ನು ಮನೆಯಲ್ಲಿಡಿರಿ. ಮುಂಗಡದ ಹೆಸರಲ್ಲಿ ಆಳನ್ನು ಕಟ್ಟಿಹಾಕುವುದನ್ನು 1976ರ ಜೀತ ಪದ್ಧತಿ ರದ್ದು ಕಾಯ್ದೆ ನಿಷೇಧಿಸಿದೆ. ಗುಂಪಿನಲ್ಲಿ ಯಾರಿಗೆ ಯಾವುದು ಬರುತ್ತದೋ ಅದನ್ನು ಅವರಿಗೆ ಒಪ್ಪಿಸಿರಿ: ಲೆಕ್ಕ ಬಲ್ಲವರಿಗೆ ಲೆಕ್ಕ, ಕಲ್ಲಿನ ಬಿರುಕು ಗುರುತಿಸುವವರಿಗೆ ಗಣಿಯ ಜೋಪಾನ, ಧೈರ್ಯವುಳ್ಳವರಿಗೆ ಧಣಿಯೊಡನೆ ಮಾತು.

ಲೆಕ್ಕ ಕೇಳುವುದು ಜಗಳವಲ್ಲ. ಲೆಕ್ಕ ಕೊಡುವುದು ಅವಮಾನವೂ ಅಲ್ಲ. ಒಂದು ದಿನ ಕರ್ತನ ಮುಂದೆ ಎಲ್ಲರೂ ಲೆಕ್ಕ ಒಪ್ಪಿಸಲೇಬೇಕು. ಇಲ್ಲಿಯೇ ಅಭ್ಯಾಸ ಮಾಡಿಕೊಳ್ಳೋಣ.