ವಿದ್ಯಾರ್ಥಿ ಗಾಯಕನಿಗೆ ಹೇಳಬೇಕಾದ ಮಾತು

ಶಾಲೆಯ ವಾರ್ಷಿಕೋತ್ಸವದಲ್ಲಿ ವಿದ್ಯಾರ್ಥಿಯೊಬ್ಬನು ಖ್ಯಾಲು ಹಾಡಿ ವೇದಿಕೆಯಿಂದಿಳಿದೊಡನೆ ಎರಡು ಬಗೆಯ ಅಭಿಪ್ರಾಯಗಳು ಅವನ ಕಿವಿಗೆ ಬೀಳುವುದು ವಾಡಿಕೆ. ಬಂಧುಗಳೂ ಅತಿಥಿಗಳೂ ‘ಬಹಳ ಸೊಗಸಾಗಿತ್ತು’ ಎನ್ನುತ್ತಾರೆ. ಬಲ್ಲವರು ‘ಶ್ರುತಿ ಕೂಡಲಿಲ್ಲ’ ಎಂದು ಮುಖ ತಿರುಗಿಸುತ್ತಾರೆ. ಮೊದಲನೆಯದರಿಂದ ಅವನು ಕಲಿಯುವುದೇನೂ ಇಲ್ಲ. ಎರಡನೆಯದು ಸತ್ಯವೇ ಆಗಿರಬಹುದು. ಆದರೆ ಯಾವ ಸ್ವರ, ಯಾವ ಸ್ಥಾನ ಎಂಬುದನ್ನು ತಿಳಿಸದ ಸತ್ಯವು ನೋಯಿಸುತ್ತದೆಯೇ ಹೊರತು ತಿದ್ದುವುದಿಲ್ಲ.

ಭೂಪ ಮತ್ತು ದೇಶಕಾರ ರಾಗಗಳಿಗೆ ಸ್ವರಗಳು ಅವೇ 5. ಭೂಪದಲ್ಲಿ ಗಾಂಧಾರಕ್ಕೆ ಪ್ರಾಧಾನ್ಯ, ದೇಶಕಾರದಲ್ಲಿ ಧೈವತಕ್ಕೆ. ಭೂಪವನ್ನು ಹಾಡುವ ಬಾಲಕಿಯು ಧೈವತದ ಮೇಲೆ ಮತ್ತೆ ಮತ್ತೆ ನೆಲೆನಿಂತರೆ ‘ರಾಗ ಕೆಟ್ಟಿತು’ ಎನ್ನುವುದಕ್ಕಿಂತ, ಧೈವತವನ್ನು ಮುಟ್ಟಿ ಪಂಚಮಕ್ಕಿಳಿದು ಗಾಂಧಾರದಲ್ಲಿ ವಿಶ್ರಮಿಸುವ ಬಗೆಯನ್ನು ಹಾಡಿ ತೋರಿಸುವುದು ಮೇಲು. ತೀನತಾಲದ 16 ಮಾತ್ರೆಗಳಲ್ಲಿ ಸಮ ತಪ್ಪಿದವನಿಗೆ, ಮುಖಡಾವನ್ನು ಅವನು ಯಾವ ಮಾತ್ರೆಯಿಂದ ಎತ್ತಿಕೊಂಡನೆಂದು ಕೈಯಲ್ಲಿ ಎಣಿಸಿ ತೋರಿಸಿದರೆ ಸಾಕು. ‘ಲಯಜ್ಞಾನವಿಲ್ಲ’ ಎಂಬ ತೀರ್ಪು ಬೇಕಿಲ್ಲ.

ಎಲ್ಲಕ್ಕಿಂತ ಹೆಚ್ಚಿನ ಎಚ್ಚರಿಕೆ ಬೇಕಾದುದು ಹದಿಮೂರು, ಹದಿನಾಲ್ಕರ ಹುಡುಗರ ವಿಷಯದಲ್ಲಿ. ಆ ವಯಸ್ಸಿನಲ್ಲಿ ಧ್ವನಿಪೆಟ್ಟಿಗೆ ಬೆಳೆದು, ಸ್ವರತಂತುಗಳು ಉದ್ದವಾಗಿ, ಕಂಠವು ಸುಮಾರು ಒಂದು ಸಪ್ತಕದಷ್ಟು ಕೆಳಗಿಳಿಯುತ್ತದೆ. ಹೋದ ವರ್ಷ ತಾರಷಡ್ಜವನ್ನು ಲೀಲಾಜಾಲವಾಗಿ ಮುಟ್ಟಿದವನ ಸ್ವರ ಈ ವರ್ಷ ಮಧ್ಯದಲ್ಲೇ ಒಡೆಯುತ್ತದೆ. ಆಗ ಹಿರಿಯರೊಬ್ಬರು ‘ಕಂಠ ಹೋಯಿತು’ ಎಂದುಬಿಟ್ಟರೆ ಹುಡುಗನು ನಂಬುತ್ತಾನೆ. ತಂಬೂರಿಯ ಬಳಿಗೆ ಮರಳಿ ಬರುವುದೇ ಇಲ್ಲ. ಹೋದುದು ಕಂಠವಲ್ಲ, ಹಳೆಯ ಶ್ರುತಿ ಮಾತ್ರ. ಶ್ರುತಿಯನ್ನು ಇಳಿಸಿ, ಬಲವಂತವಿಲ್ಲದೆ ಮೆಲುದನಿಯಲ್ಲಿ ಅಭ್ಯಾಸ ಮಾಡುತ್ತ ಕೆಲವು ತಿಂಗಳು ಕಾಯಬೇಕೆಂದು ಹೇಳಬೇಕಾದವರು ಅಧ್ಯಾಪಕರು. ಗಂಗೂಬಾಯಿ ಹಾನಗಲ್ಲರ (1913–2009) ಕಂಠ ಗಂಟಲಿನ ಚಿಕಿತ್ಸೆಯ ತರುವಾಯ ಗಂಡುದನಿಯಂತೆ ಗಂಭೀರವಾಯಿತು. ಕಿರಾನಾ ಘರಾಣೆಯ ಕೀರ್ತಿ ಅದರಿಂದ ಬೆಳೆಯಿತೇ ವಿನಾ ಕುಗ್ಗಲಿಲ್ಲ.

ಹಿಂದಿನ ಗುರುಗಳು ಕಠೋರರಾಗಿದ್ದರಲ್ಲವೆ ಎಂದು ಕೆಲವರು ಕೇಳುವುದುಂಟು. ಇದ್ದರು. ಆದರೆ ಗದುಗಿನ ವೀರೇಶ್ವರ ಪುಣ್ಯಾಶ್ರಮದಲ್ಲಿ ಪಂಚಾಕ್ಷರಿ ಗವಾಯಿಗಳ (1892–1944) ಶಿಷ್ಯರು ಗುರುಗಳ ನೆರಳಿನಲ್ಲೇ ಉಂಡು ಮಲಗಿ ಕಲಿತವರು. ಮಿರಜದ ನೀಲಕಂಠಬುವಾ ಅವರಲ್ಲಿ ಮಲ್ಲಿಕಾರ್ಜುನ ಮನಸೂರರು ಕಲಿತದ್ದೂ ವರ್ಷಗಟ್ಟಲೆ. ಸಂಜೆ ಗದರಿದ ಗುರುವಿಗೆ ಮರುದಿನದ ಮುಂಜಾವು ತಿದ್ದಲು ಕಾದಿರುತ್ತಿತ್ತು. ಹತ್ತು ನಿಮಿಷ ಕೇಳಿ ಊರಿಗೆ ಮರಳುವ ಪರೀಕ್ಷಕನಿಗೆ ಆ ಮುಂಜಾವು ಎಲ್ಲಿಯದು? ಕಾಠಿಣ್ಯವನ್ನು ಮಾತ್ರ ಎರವಲು ತರುವುದು ಪರಂಪರೆಯಲ್ಲ.

ಇನ್ನು, ಹಾಡುವವನ ಲೆಕ್ಕಕ್ಕೆ ಬರೆಯುವ ತಪ್ಪುಗಳಲ್ಲಿ ಕೆಲವು ವೇದಿಕೆಯವು. ಮೇಳೈಸದ ತಂಬೂರಿಯನ್ನು ಮುಂದಿಟ್ಟು, ಹಾರ್ಮೋನಿಯಂನ ಅಬ್ಬರದಲ್ಲಿ ಹುಡುಗನನ್ನು ಹಾಡಿಸಿ, ಬಳಿಕ ಶ್ರುತಿದೋಷವನ್ನು ಎತ್ತಿ ಆಡುವುದು ನ್ಯಾಯವಲ್ಲ. (ಆಕಾಶವಾಣಿಯು 1940ರಲ್ಲಿ ಆ ವಾದ್ಯವನ್ನು ಹೊರಗಿಟ್ಟು 1971ರವರೆಗೂ ಬಾಗಿಲು ಮುಚ್ಚಿತ್ತು. ಅಷ್ಟು ದೂರ ಹೋಗಬೇಕಾಗಿಲ್ಲ. ಮೆಲ್ಲಗೆ ನುಡಿಸಿದರೆ ಸಾಕು.) ವರ್ಷವರ್ಷವೂ ಬೆಳ್ಳಿಯ ಪಾರಿತೋಷಕಗಳನ್ನು ನೀಡುವ ಉದಾರ ದಾನಿಗಳು ಒಂದು ವರ್ಷ ಅವುಗಳ ಬದಲಿಗೆ ಮಿರಜದಿಂದ ಒಂದು ಜೊತೆ ಒಳ್ಳೆಯ ತಂಬೂರಿಗಳನ್ನು ತರಿಸಿಕೊಡಲಿ, ಬಹುಮಾನ ಬಾರದ ಮಕ್ಕಳಿಗೂ ಅವು ಪ್ರತಿದಿನ ಒದಗುತ್ತವೆ.