ಬೆಳೆ ಹೊಲದಾಗ ಒಂದು, ಮೊಬೈಲ್‌ನ್ಯಾಗ ಇನ್ನೊಂದು



ಹತ್ತಿ ಬಿಡಿಸೋ ಆಳು ಇವತ್ತ ಬರಲಿಲ್ಲ. ಪಕ್ಕದ ಊರಾಗ ಕೂಲಿ ಹೆಚ್ಚಿಗಿ ಸಿಗ್ತೈತಿ ಅಂತ ಟಂಟಂ ಹತ್ತಿ ಹೋಗ್ಯಾರ. ಅವರ ತಪ್ಪೇನಿಲ್ಲ, ನಾವಾದ್ರೂ ಹಂಗ ಮಾಡ್ತಿದ್ವಿ. ಅದಕ್ಕ ಮನಿಯಾಗ ಕುಂತು ಇದನ್ನ ಬರೀತಾ ಇದ್ದೀನಿ. ಹೋದ ಸಲ ಗುಲಾಬಿ ಕಾಯಿಕೊರಕದ ಬಗ್ಗೆ ಬರೆದಾಗ ಬಹಳ ಮಂದಿ ಫೋನ್ ಮಾಡಿದ್ರಿ. ಈ ಸಲ ಹುಳದ ಮಾತಿಲ್ಲ, ಮೊಬೈಲ್ ಮಾತು. ನನಗ ಹೋದ ವರ್ಷ ಹುಳಕ್ಕಿಂತ ಜಾಸ್ತಿ ಲುಕ್ಸಾನು ಮೊಬೈಲ್‌ನಿಂದ ಆಗೈತಿ.

ಏನಾತು ಅಂದ್ರ, ನನ್ನದು ಐದೆಕರೆ ಎರಿ ಹೊಲ. 2024ರ ಮುಂಗಾರಿಗೆ ರಸ್ತೆ ಕಡೆ ಎರಡು ಎಕರೆ ಹತ್ತಿ, ಒಳಗ ಹಳ್ಳದ ಕಡೆ ಮೂರು ಎಕರೆ ತೊಗರಿ ಹಾಕಿದ್ದೆ. ಬೆಳೆ ಸಮೀಕ್ಷೆಗೆ ಒಬ್ಬ ಹುಡುಗ ಬಂದಿದ್ದ. ಅವತ್ತ ಮಳಿ ಆಗಿ ಎರಿ ಮಣ್ಣು ಕಾಲಿಗೆ ಮೆತ್ತಿಕೊಳ್ತಿತ್ತು. ಆತ ರಸ್ತೆ ಮ್ಯಾಲಿಂದ ಬದು ದಾಟಿ ನಾಕು ಹೆಜ್ಜಿ ಒಳಗ ಬಂದು ಫೋಟೋ ಹೊಡೆದ. ನಾನು "ತಮ್ಮಾ, ಒಳಗ ತೊಗರಿ ಐತಿ ನೋಡು" ಅಂದೆ. "ಹೂಂ ಕಾಕಾ, ಹಾಕ್ತೀನಿ, ಇನ್ನೂ ನಲವತ್ತು ತಾಕು ಉಳಿದಾವ" ಅಂದು ಗಾಡಿ ಚಾಲೂ ಮಾಡಿದ. ನಾನೂ ಸುಮ್ಮನಾದೆ. ಅಲ್ಲಿ ತಪ್ಪು ನಂದೂ ಐತಿ, ಒಪ್ಪಿಕೊಳ್ತೀನಿ.

ತೊಗರಿ ಒಕ್ಕಲಿ ಮಾಡಿ ಹನ್ನೊಂದು ಕ್ವಿಂಟಲ್ ಆತು. ಆ ವರ್ಷ ಬೆಂಬಲ ಬೆಲೆ 7,550, ಅದರ ಮ್ಯಾಲೆ ರಾಜ್ಯ ಸರ್ಕಾರದ್ದು 450, ಎಲ್ಲಾ ಸೇರಿ 8,000 ರೂಪಾಯಿ. ನೋಂದಣಿಗೆ ಹೋದ್ರ ಕಂಪ್ಯೂಟರ್ ಮುಂದ ಕುಂತಾತ "ಯಜಮಾನ್ರ, ನಿಮ್ಮ ಸರ್ವೆ ನಂಬರಿನ್ಯಾಗ ತೊಗರಿನೇ ಇಲ್ಲ. ಐದೆಕರೆನೂ ಹತ್ತಿ ಐತಿ" ಅಂದ. ಹೊರಗ ಟ್ರ್ಯಾಕ್ಟರ್ ತುಂಬ ತೊಗರಿ ಚೀಲ ನಿಂತಾವ, ಬಂದು ನೋಡು ಅಂದೆ. ನಾನು ನೋಡಿದ್ರ ಏನು ಬಂತು, ಇದು ತಗೊಳ್ಳಲ್ಲ ಅಂದ. ಆತನ ಮಾತು ಖರೇನೇ ಇತ್ತು. ತಿದ್ದಿಸಬೇಕಂದ್ರ ಎಲ್ಲಿ ಹೋಗ್ಬೇಕು ಅಂತ ಮೂರು ಕಡೆ ಕೇಳಿದೆ. ಒಂದು ಕಡೆ ಕೃಷಿಯವರನ್ನ ಕೇಳ್ರಿ ಅಂದ್ರು, ಅಲ್ಲಿ ಕಂದಾಯದವರನ್ನ ಕೇಳ್ರಿ ಅಂದ್ರು, ಕೊನೀಗೆ ಆಕ್ಷೇಪಣೆ ಹಾಕೋ ದಿನ ಮುಗಿದು ತಿಂಗಳುಗಟ್ಟಲೆ ಆತು ಅಂದ್ರು. ನಾಕು ದಿನ ತಿರುಗಿ ಸಾಕಾಗಿ ಅಡತಿಗೆ ಹಾಕಿದೆ. 6,900ಕ್ಕೆ ಹೋತು. ಕ್ವಿಂಟಲ್‌ಗೆ 1,100, ಹನ್ನೊಂದು ಕ್ವಿಂಟಲ್‌ಗೆ 12,100 ರೂಪಾಯಿ. ಟ್ರ್ಯಾಕ್ಟರ್ ಬಾಡಿಗಿ, ನಾಕು ದಿನದ ಚಹಾ ಊಟ ಬ್ಯಾರೆ.

ಇದನ್ನ ಓದಿ "ನೋಡ್ರಿ, ಈ ಆ್ಯಪ್ ಗೀಪ್ ಎಲ್ಲಾ ರೈತನ ಕೊಲ್ಲಾಕ ಬಂದಾವ, ಹಳೇದೇ ಚಲೋ ಇತ್ತು" ಅಂತ ಕೆಲವರು ಕೆಳಗ ಬರೀತೀರಿ, ನನಗ ಗೊತ್ತು. ಆ ಮಾತು ನಾನು ಒಪ್ಪಂಗಿಲ್ಲ. ಹಳೇದು ಹ್ಯಾಂಗಿತ್ತು ಅಂತ ನಮ್ಮ ವಯಸ್ಸಿನವರಿಗೆ ನೆನಪೈತಿ. ಪಹಣಿ ಅಂದ್ರ ಕೈಬರಹದ ಪುಸ್ತಕ, ಅದು ಒಬ್ಬರ ಕಪಾಟಿನ್ಯಾಗ ಇರ್ತಿತ್ತು. ಬೆಳೆ ಕಲಂ ಒಳಗ ಏನು ಬರೀಬೇಕು ಅನ್ನೋದು ಅವರ ಮನಸ್ಸಿಗೆ ಬಿಟ್ಟದ್ದು. ಭೂಮಿ ಯೋಜನೆ ಬಂದು 2002ರ ಹೊತ್ತಿಗೆ ಎಲ್ಲಾ ತಾಲೂಕಿನ್ಯಾಗ ಪಹಣಿ ಕಂಪ್ಯೂಟರಿಗೆ ಹೋತು. ಸುಮಾರು ಎರಡು ಕೋಟಿ ಪಹಣಿ, 67 ಲಕ್ಷ ಖಾತೆದಾರರು. ಆವಾಗ ನಾನು ಲಿಂಗಸೂಗೂರಿಗೆ ಹೋಗಿ ಸಾಲಿನ್ಯಾಗ ನಿಂತು ಹದಿನೈದು ರೂಪಾಯಿ ಕೊಟ್ಟು ಮೊದಲನೇ ಸಲ ಪ್ರಿಂಟ್ ಪಹಣಿ ತಗೊಂಡೆ. ಯಾರಿಗೂ ಕೈ ಮುಗಿಯಲಿಲ್ಲ, ಯಾರ ಮನಿ ಕಟ್ಟಿ ಮ್ಯಾಲೂ ಕಾಯಲಿಲ್ಲ. ಅದನ್ನ ಮರೀಬಾರದು.

ಬರ ಪರಿಹಾರನೂ ಹಂಗೇ. 2023ರಾಗ ರಾಜ್ಯದಾಗ 223 ತಾಲೂಕು ಬರ ಅಂತ ಘೋಷಣೆ ಆತು. ಮುಂದಿನ ವರ್ಷ ಮೊದಲು ಎರಡು ಸಾವಿರದ ತನಕ ಬಂತು, ಆಮೇಲೆ ಕೇಂದ್ರದ ದುಡ್ಡು ಬಂದಮ್ಯಾಲೆ ಉಳಿದದ್ದು. ಎಲ್ಲಾ ನೇರ ಖಾತೆಗೆ. ಆದ್ರ ಯಾರಿಗೆ ಬಂತು? ಫ್ರೂಟ್ಸ್‌ನ್ಯಾಗ ಎಫ್‌ಐಡಿ ಇದ್ದು, ಅದಕ್ಕ ಎಲ್ಲಾ ಸರ್ವೆ ನಂಬರ್ ಸೇರಿಸಿದವರಿಗೆ ಬಂತು. ನಮ್ಮ ಓಣಿಯಾಗೇ ಮೂರು ಹೊಲ ಇದ್ದು ಒಂದೇ ಹೊಲ ಸೇರಿಸಿದವರು ಅದಾರ. ಅವರಿಗೆ ಒಂದರದ್ದೇ ಬಂತು. ಕಾಗದದ ಕಾಲದಾಗ ಬರಲಿಲ್ಲ ಅಂದ್ರ ಬೈಯಾಕ ಒಬ್ಬ ಮನುಷ್ಯ ಇದ್ದ. ಈಗ ಯಾರಿಗೆ ಬೈಯ್ಯೋಣ, ಸರ್ವರ್‌ಗೆ?

ನನ್ನ ತಕರಾರು ಇರೋದು ಇಲ್ಲೇ. ಬರಕೊಳ್ಳೋ ಕೆಲಸ ಮಷೀನಿಗೆ ಕೊಟ್ಟಾರ, ಅದು ಸರಿ. ತಿದ್ದೋ ಕೆಲಸ ಯಾರಿಗೂ ಕೊಟ್ಟಿಲ್ಲ. ಮೊದಲು ತಪ್ಪು ಬರೀತಿದ್ದಾತನೇ ಕಾಟು ಹೊಡೆದು ತಿದ್ದತಿದ್ದ, ಅದಕ್ಕ ಏನೋ ಒಂದು ತಗೋತಿದ್ದ ಅನ್ರಿ. ಈಗ ಒಂದು ತಾಕಿಗೆ ಇಷ್ಟು ಅಂತ ದುಡ್ಡು ಪಡೆಯೋ ಹುಡುಗ ಫೋಟೋ ಹೊಡೀತಾನ. ಆತಂದು ಅಲ್ಲಿಗೆ ಮುಗೀತು. ಆ ಒಂದು ಫೋಟೋದಿಂದ ಪಹಣಿ ಬೆಳೆ ಕಲಂ ತುಂಬ್ತೈತಿ, ವಿಮೆಗೆ ಅದೇ, ಪರಿಹಾರಕ್ಕ ಅದೇ, ಖರೀದಿ ಕೇಂದ್ರಕ್ಕೂ ಅದೇ. ನೀವು ವಿಮೆ ತುಂಬಿದ್ದು ತೊಗರಿಗೆ, ಸಮೀಕ್ಷೆಯಾಗ ಹತ್ತಿ ಅಂತ ಇದ್ರ, ವಿಮೆ ಅರ್ಜಿ ತಿರಸ್ಕಾರ ಆಗ್ತೈತಿ. ಮುಂಗಾರಿ ಆಹಾರ ಬೆಳೆಗೆ ನೂರಕ್ಕ ಎರಡು, ಹಿಂಗಾರಿಗೆ ಒಂದೂವರೆ, ಹತ್ತಿಯಂಥದಕ್ಕ ಐದು ರೂಪಾಯಿ ಕಂತು ಕಟ್ಟಿರ್ತೀವಿ. ಒಂದು ಫೋಟೋ ಮ್ಯಾಲೆ ಇಷ್ಟು ಭಾರ ಹೇರಬೇಕಾದ್ರ, ಅದು ತಪ್ಪಾದ್ರ ಏನು ಅಂತ ಮೊದಲೇ ಯೋಚನಿ ಮಾಡಬೇಕಿತ್ತು.

ನಮ್ಮ ಮನಿಯವಳು ಮೂರನೇ ಇಯತ್ತೆ ಓದಿದಾಕಿ. ವಾಟ್ಸಾಪ್ ಯಾರೂ ಕಲಿಸಲಿಲ್ಲ, ತಾನೇ ಕಲತ್ಲು. ಮೈಕು ಒತ್ತಿ ಹಿಡಿದು ಮಾತಾಡ್ತಾಳ, ಮಗಳಿಗೆ ಕಳಿಸ್ತಾಳ. "ಎರಡು ಗೆರಿ ನೀಲಿ ಆತು, ಕೇಳ್ಯಾಳ" ಅಂತಾಳ. ಅದನ್ನ ನೋಡಿ ನನಗ ಅನಿಸಿದ್ದು, ಸರ್ಕಾರದ ಆ್ಯಪ್‌ಗೆ ಈ ನೀಲಿ ಗೆರಿ ಯಾಕಿಲ್ಲ? ನಾವು ಅರ್ಜಿ ಹಾಕಿದ್ರ "ಯಶಸ್ವಿಯಾಗಿ ಸಲ್ಲಿಸಲಾಗಿದೆ" ಅಂತ ಬರ್ತೈತಿ. ಸಲ್ಲಿಸಿದ್ದು ಯಾರಿಗೆ ಮುಟ್ಟಿತು, ಅವರು ತೆಗೆದು ನೋಡಿದ್ರೋ ಇಲ್ಲೋ, ಯಾರ ಟೇಬಲ್ ಮ್ಯಾಲೆ ನಿಂತೈತಿ, ಒಂದೂ ಗೊತ್ತಾಗಂಗಿಲ್ಲ. ಸಂತಿಯಾಗ ಬದನಿಕಾಯಿ ಮಾರೋ ಅವ್ವ ಓದಾಕ ಬರಲ್ಲ, ಆದ್ರ ಆಕಿ ಡಬ್ಬಿ ಕನ್ನಡದಾಗ ಕೂಗಿ ಹೇಳ್ತೈತಿ ಇಷ್ಟು ರೂಪಾಯಿ ಬಂತು ಅಂತ. ಹತ್ತು ರೂಪಾಯಿಗೆ ಕೂಗಿ ಹೇಳೋ ಮಷೀನು ಮಾಡಿದ ದೇಶದಾಗ, "ನಿಮ್ಮ ಹೊಲದಾಗ ಐದೆಕರೆ ಹತ್ತಿ ಅಂತ ಬರಕೊಂಡೀವಿ, ಸರಿ ಇದ್ರ ಒಂದು ಒತ್ತರಿ, ತಪ್ಪಿದ್ರ ಎರಡು ಒತ್ತರಿ" ಅಂತ ಒಂದು ಫೋನ್ ಮಾಡಾಕ ಆಗಲ್ಲೇನು? ಓಟು ಹಾಕ್ರಿ ಅಂತ ರೆಕಾರ್ಡ್ ಫೋನ್ ದಿನಕ್ಕ ಹತ್ತು ಬರ್ತಾವಲ್ಲ.

ಓಟಿಪಿ ಅನ್ನೋದು ಇನ್ನೊಂದು. ನಮ್ಮ ಓಣಿ ಒಬ್ಬ ಅಜ್ಜಿ ಹೆಸರಿಲೆ ಎರಡು ಎಕರೆ ಐತಿ. ಆಧಾರಕ್ಕ ಕೊಟ್ಟ ನಂಬರ್ ಮೊಮ್ಮಗಂದು. ಆತ ಬೆಂಗಳೂರಾಗ ಸೆಂಟ್ರಿಂಗ್ ಕೆಲಸಕ್ಕ ಹೋಗ್ಯಾನ. ಅಜ್ಜಿ ಇಲ್ಲಿ ಅಂಗಡಿ ಮುಂದ ಕುಂತಿರ್ತಾಳ, ಓಟಿಪಿ ಬೆಂಗಳೂರಿಗೆ ಹೋಗ್ತೈತಿ. ಆತ ಹನ್ನೆರಡನೇ ಮಹಡಿ ಮ್ಯಾಲೆ ಕಬ್ಬಿಣ ಕಟ್ಟೋವಾಗ ಫೋನ್ ಎತ್ತಬೇಕು, ನಂಬರ್ ಹೇಳಬೇಕು, ಅಷ್ಟರಾಗ ಟೈಮ್ ಮುಗಿದಿರ್ತೈತಿ. ಬೆರಳು ಒತ್ತಿಸೋಣ ಅಂದ್ರ, ಹತ್ತಿ ಬಿಡಿಸಿ, ಕಳೆ ಕಿತ್ತ ಕೈಯಾಗ ಗೆರಿ ಎಲ್ಲಿ ಉಳಿದಾವ? ಪಿಎಂ ಕಿಸಾನ್‌ಗೆ 2023ರಾಗ ಮುಖ ತೋರಿಸಿ ಕೆವೈಸಿ ಮಾಡೋದು ತಂದ್ರು, ಅದು ಚಲೋ ಕೆಲಸ, ನಾನೇ ನಾಕು ಮಂದಿಗೆ ಮಾಡಿಕೊಟ್ಟೀನಿ. ಅದನ್ನ ಉಳಿದದ್ದಕ್ಕೂ ತಂದ್ರ ಅಜ್ಜಿಗೆ ಮೊಮ್ಮಗನ ಹಂಗು ತಪ್ಪತೈತಿ.

ಪಿಎಂ ಕಿಸಾನ್ ಅಂದಕೂಡಲೆ ನೆನಪಾತು. ವಾಟ್ಸಾಪ್ ಗುಂಪಿನ್ಯಾಗ ಪಿಎಂ ಕಿಸಾನ್ ಅಂತ ಹೆಸರಿಟ್ಟು ಎಪಿಕೆ ಫೈಲು ಬರ್ತಾವ. ನಮ್ಮವರೇ ಕಳಿಸಿರ್ತಾರ, ಯಾಕಂದ್ರ ಅವರ ಫೋನ್ ಆಗ್ಲೇ ಕಳ್ಳರ ಕೈಗೆ ಹೋಗಿರ್ತೈತಿ. ಒತ್ತಬ್ಯಾಡ್ರಿ. ಪ್ಲೇ ಸ್ಟೋರ್‌ನಿಂದ ಬಿಟ್ಟು ಬ್ಯಾರೆ ಕಡೆಯಿಂದ ಏನೂ ಹಾಕಿಕೊಳ್ಳಬ್ಯಾಡ್ರಿ. ದುಡ್ಡು ಹೋದ್ರ ಅಳಕೋತ ಕುಂದರಬ್ಯಾಡ್ರಿ, ಆ ಕೂಡಲೆ 1930ಕ್ಕೆ ಫೋನ್ ಹಚ್ಚರಿ.

ಈಗ ಹತ್ತಿಗೂ ಆ್ಯಪ್ ಬಂದೈತಿ. 2025ರಿಂದ ಸಿಸಿಐಗೆ ಬೆಂಬಲ ಬೆಲೆಗೆ ಹತ್ತಿ ಕೊಡಬೇಕಂದ್ರ ಕಪಾಸ್ ಕಿಸಾನ್ ಆ್ಯಪ್‌ನ್ಯಾಗ ನೋಂದಣಿ ಮಾಡಿ ಸ್ಲಾಟ್ ಹಿಡೀಬೇಕು. 2025-26ರಾಗ ಉದ್ದ ಎಳಿ ಹತ್ತಿಗೆ 8,110, ಮಧ್ಯಮಕ್ಕ 7,710 ಇತ್ತು. ಸ್ಲಾಟ್ ಮಾಡಿದ್ದರಿಂದ ಗೇಟಿನ ಮುಂದ ಎರಡು ದಿನ ಗಾಡಿ ನಿಲ್ಲಿಸಿ ಕಾಯೋದು ಕಮ್ಮಿ ಆಗ್ತೈತಿ ಅನ್ನೋದು ವಿಚಾರ, ವಿಚಾರ ಸರಿ ಐತಿ. ಆದ್ರ ಇದನ್ನ ಮಾಡಿದವರು ಹತ್ತಿ ಹೊಲದಾಗ ಒಂದು ದಿನ ನಿಂತಿಲ್ಲ ಅನಸ್ತೈತಿ. ಆಳು ಯಾವಾಗ ಬರ್ತಾರ ಅಂತ ನನಗೇ ಗೊತ್ತಿಲ್ಲ, ಇವತ್ತಿನ ಕಥಿ ಮ್ಯಾಲೆ ಹೇಳಿದ್ನಲ್ಲ. ತೇವಾಂಶ ನೂರಕ್ಕ ಎಂಟು ಇದ್ರ ಪೂರ್ತಿ ರೇಟು, ಹನ್ನೆರಡು ದಾಟಿದ್ರ ತಗೊಳ್ಳಂಗಿಲ್ಲ. ಸ್ಲಾಟ್ ಹಿಂದಿನ ದಿನ ಒಂದು ಮೋಡ ಮುಚ್ಚಿ ಜಿಟಿಜಿಟಿ ಹನಿ ಬಿದ್ರ ಏನು ಮಾಡಬೇಕು? ಸ್ಲಾಟ್ ಮುಂದ ಹಾಕಿಕೊಳ್ಳಾಕ ಒಂದು ಸುಲಭ ದಾರಿ, ಆಮೇಲೆ ಫೋನ್ ಇಲ್ಲದವರಿಗೆ ಕೇಂದ್ರದಾಗೇ ಒಂದು ಸಾಲು, ಇಷ್ಟಿದ್ರ ನಾನು ಈ ಆ್ಯಪ್ ಪರವಾಗಿ ಊರೂರಿಗೆ ಹೋಗಿ ಹೇಳ್ತೀನಿ.

ನಾವು ಸಂತೆಕಲ್ಲೂರಿನವರು. ಘನಮಠದ ನಾಗಭೂಷಣ ಶಿವಯೋಗಿಗಳು ಕೃಷಿ ಜ್ಞಾನ ಪ್ರದೀಪಿಕೆ ಬರೆದ ಊರು. ನೂರು ವರ್ಷದ ಮ್ಯಾಲೆ ಆತು, ಒಕ್ಕಲುತನದ ವಿದ್ಯೆನ ಕನ್ನಡದಾಗ ಪುಸ್ತಕ ಮಾಡಿಟ್ರು. ಹೊಸ ವಿದ್ಯೆಗೆ ಹೆದರೋ ಊರಲ್ಲ ಇದು. ನಮ್ಮ ಕಡೆಯವರಿಗೆ ಆ್ಯಪ್ ಬರಲ್ಲ, ತರಬೇತಿ ಕೊಡಬೇಕು ಅಂತ ಮೀಟಿಂಗ್‌ನ್ಯಾಗ ಹೇಳ್ತಾರ, ಬಿಸ್ಕೀಟು ಚಹಾ ಕೊಟ್ಟು ಕಳಿಸ್ತಾರ. ತರಬೇತಿ ಬೇಕಾಗಿರೋದು ಆ್ಯಪ್ ಮಾಡೋರಿಗೆ. "ಹಿಸ್ಸಾ ವಿಸ್ತೀರ್ಣವನ್ನು ನಮೂದಿಸಿ" ಅಂತ ಬರೆಯೋ ಬದಲು "ಎಷ್ಟು ಎಕರೆ, ಎಷ್ಟು ಗುಂಟೆ" ಅಂತ ಕೇಳಿದ್ರ ಸಾಕಾಗ್ತಿತ್ತು. ಮಸ್ಕಿ ತಾಲೂಕಾಗಿ 2018ಕ್ಕೇ ಆತು, ಕೆಲವು ಕಡೆ ಇನ್ನೂ ನಮ್ಮೂರು ಲಿಂಗಸೂಗೂರಾಗೇ ಹುಡುಕಬೇಕು!

ಗ್ರಾಮಸಭೆಯಾಗ ನಾನು ಒಂದು ಅರ್ಜಿ ಕೊಡಬೇಕಂತ ಮಾಡೀನಿ. ಸಮೀಕ್ಷೆ ಮುಗಿದಮ್ಯಾಲೆ ಸರ್ವೆ ನಂಬರ್ ಪ್ರಕಾರ ಯಾರ ಹೊಲದಾಗ ಯಾವ ಬೆಳೆ ಅಂತ ಪಟ್ಟಿ ಪ್ರಿಂಟ್ ತೆಗೆದು ಪಂಚಾಯ್ತಿ ಗ್ವಾಡಿಗೆ ಹಚ್ಚಬೇಕು, ಒಂದು ದಿನ ಕುಂತು ಓದಿ ಹೇಳಬೇಕು. ಊರ ಮಂದಿ ಮುಂದ ಓದಿದ್ರ ತಪ್ಪು ಅಲ್ಲೇ ಗೊತ್ತಾಗ್ತೈತಿ, ಯಾಕಂದ್ರ ಯಾರು ಏನು ಬಿತ್ಯಾರ ಅಂತ ಊರಿಗೆಲ್ಲಾ ಗೊತ್ತಿರ್ತೈತಿ. ಇನ್ನೊಂದು ಲಾಭ ಐತಿ, ಬೀಳು ಹೊಲದಾಗ ಬೆಳೆ ತೋರಿಸಿ ಪರಿಹಾರ ಎತ್ತೋದಕ್ಕೂ ಅಲ್ಲೇ ಅಡ್ಡಿ ಬೀಳ್ತೈತಿ. ಇದಕ್ಕ ನಮ್ಮವರಾಗೇ ಕೆಲವರಿಗೆ ಸಿಟ್ಟು ಬರಬಹುದು. ಬರಲಿ. ಅಲ್ಲಿ ಬಂದ ತಕರಾರು ತಿದ್ದೋ ಅಧಿಕಾರ ಒಬ್ಬ ಅಧಿಕಾರಿಗೆ ಇರಬೇಕು, ಆತನ ಹೆಸರು ಫೋನ್ ನಂಬರ್ ಪಟ್ಟಿ ಕೆಳಗ ಬರೆದಿರಬೇಕು. ಸಹಿ ಹಾಕೋರು ನನ್ನ ಜೋಡಿ ಬರ್ರಿ, ಒಬ್ಬನೇ ಕೊಟ್ರ ಕಡತದಾಗ ಇಡ್ತಾರ.

ಈ ವರ್ಷದ ಮುಂಗಾರಿ ಸಮೀಕ್ಷೆ ನಾನೇ ಮಾಡಿಕೊಂಡೆ. ಮನಿಯಾಗ ನೆಟ್ ಇದ್ದಾಗ ಊರ ನಕ್ಷೆ ಇಳಿಸಿಕೊಂಡು, ಹೊಲದ ನಡುವ ನಿಂತು, ತೊಗರಿದು ಬ್ಯಾರೆ ಹತ್ತಿದು ಬ್ಯಾರೆ ಹಾಕಿದೆ. ಜಿಪಿಎಸ್ ಹೊಲದ ಒಳಗ ನಿಂತ್ರನೇ ಹಿಡಿಯೋದು, ಬದುವಿನ ಮ್ಯಾಲೆ ನಿಂತ್ರ ಪಕ್ಕದವರ ಹೊಲ ತೋರಿಸ್ತೈತಿ. ಎರಡು ಸಲ ನಡುವೇ ನಿಂತುಬಿಡ್ತು, ಮೂರನೇ ಸಲ ಹೋತು. ಆಮೇಲೆ ಬೆಳೆ ದರ್ಶಕ್ ಆ್ಯಪ್‌ನ್ಯಾಗ ತೆಗೆದು ನೋಡಿದೆ, ಸರಿ ಬಂದೈತಿ. ಆ ಪರದೆ ಫೋಟೋ ತೆಗೆದು ಇಟ್ಟುಕೊಂಡೀನಿ, ತಾರೀಕು ಕಾಣೋ ಹಂಗ. ನೀವೂ ಇಟ್ಕೊಳ್ರಿ.

ಹಿಂಗಾರಿ ಸಮೀಕ್ಷೆ ಚಾಲೂ ಆಗೋದೈತಿ. ಕಡ್ಲಿ, ಬಿಳಿಜೋಳ ಹಾಕಿದವರು ಹುಡುಗ ಬರ್ತಾನ ಅಂತ ಕಾಯಬ್ಯಾಡ್ರಿ. ಮಾಡಾಕ ಬರಲ್ಲ ಅನ್ನೋರು ಸೋಮವಾರ ಸಂಜಿ ಆರರ ಮ್ಯಾಲೆ ಅಗಸಿ ಕಟ್ಟಿಗೆ ಬರ್ರಿ, ನಾನೂ ನನ್ನ ಮಗನೂ ಇರ್ತೀವಿ. ಆಧಾರ, ಪಹಣಿ ಜೆರಾಕ್ಸ್ ತರ್ರಿ, ಓಟಿಪಿ ಬರೋ ಫೋನ್ ತರ್ರಿ, ಮೊಮ್ಮಗ ಬೆಂಗಳೂರಾಗ ಇದ್ರ ಅವತ್ತ ಆ ಹೊತ್ತಿಗೆ ಫೋನ್ ಕೈಯಾಗ ಇಟ್ಕೊ ಅಂತ ಮೊದಲೇ ಹೇಳಿರ್ರಿ. ಚಾರ್ಜ್ ಮಾಡಿಕೊಂಡು ಬರ್ರಿ ಮತ್ತ, ಕಟ್ಟಿ ಮ್ಯಾಲೆ ಕರೆಂಟ್ ಇಲ್ಲ.